ಎಣ್ಣೆಡಬ್ಬಿಯ ತುಳಸಿ ಮತ್ತು ಜೇನಿನ ಪಾಲು

ಉತ್ತರ ಅಮೆರಿಕದ ಹುಲ್ಲುಗಾವಲುಗಳಲ್ಲಿ ಬೆಳೆಯುವ ಎಕಿನೇಸಿಯ ಎಂಬ ನೇರಳೆ ಹೂವಿಗೆ ಇಂದು ದೇಶವಿದೇಶಗಳಲ್ಲಿ ಕೀರ್ತಿ. ಅಲ್ಲಿನ ಮೂಲನಿವಾಸಿಗಳು ಈ ಕುಲದ ಗಿಡಗಳ ಬೇರನ್ನು ಔಷಧವಾಗಿ ಬಳಸುತ್ತಿದ್ದರು. ಈಗ ನೆಗಡಿಗೆಂದು ಅದರ ಗುಳಿಗೆಗಳು ಮಾರಾಟವಾಗುತ್ತಿವೆ. ಜೇನ್ನೊಣ, ಚಿಟ್ಟೆಗಳಿಗೆ ಪ್ರಿಯವೆಂದು ತೋಟಗಾರರು ಅದನ್ನು ಬೆಳೆಸುತ್ತಾರೆ. ಒಂದೇ ಗಿಡ ಮನುಷ್ಯನಿಗೂ ಕೀಟಕ್ಕೂ ಒದಗಬೇಕೆಂಬ ವಿಚಾರ ಮೆಚ್ಚತಕ್ಕದ್ದೇ. ಆದರೆ ಅದಕ್ಕಾಗಿ ಕಡಲಾಚೆಯಿಂದ ಬೀಜ ತರಿಸುವ ಅಗತ್ಯ ನಮಗಿಲ್ಲ. ನೀರು ಬಸಿದುಹೋಗುವ ನೆಲವನ್ನು ಬಯಸುವ ಆ ಗಿಡಕ್ಕೆ ಠಾಣೆಯ ಜಡಿಮಳೆ ಒಗ್ಗುವುದೂ ಕಷ್ಟ. ನಮ್ಮ ತುಳಸಿ, ತುಂಬೆ, ಕರಿಬೇವುಗಳು ಅದೇ ಕೆಲಸವನ್ನು ಸದ್ದಿಲ್ಲದೆ ಮಾಡಿಕೊಂಡು ಬಂದಿವೆ.

ವಾಗ್ಳೆ ಎಸ್ಟೇಟಿನಲ್ಲಿ ಹೂಗಿಡದ ಮಾತೇ ಎಂದು ಕೆಲವರು ನಗಬಹುದು. ಕಾರ್ಖಾನೆಗಳಿಗೆಂದು ಹುಟ್ಟಿದ ವಸಾಹತು ಇದು. ಹತ್ತಡಿಯ ಕೋಣೆಯಲ್ಲಿ ನಾಲ್ವರು ಮಲಗುವವರಿಗೆ ತೋಟವೆಲ್ಲಿಂದ ಬರಬೇಕು? ಆದರೆ ಈ ವಸಾಹತಿಗೆ ಅನತಿದೂರದಲ್ಲಿಯೇ ಯೇವೂರಿನ ಗುಡ್ಡಗಳಿವೆ, ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡಿದೆ. ಘೋಡ್‌ಬಂದರ್ ರಸ್ತೆಯ ಓವಳೇಕರ್ ವಾಡಿಯಲ್ಲಿ ಒಂದು ಕುಟುಂಬ ತನ್ನ ಜಮೀನಿನಲ್ಲಿ ತಕ್ಕ ಗಿಡಗಳನ್ನು ನೆಟ್ಟು ಚಿಟ್ಟೆಗಳ ಉದ್ಯಾನವನ್ನೇ ನಿರ್ಮಿಸಿದೆ. ಗಿಡವಿದ್ದಲ್ಲಿಗೆ ಕೀಟ ತಾನಾಗಿ ಬರುತ್ತದೆ. ಅದು ಎಸ್ಟೇಟಿನ ಎಲ್ಲೆಯನ್ನು ಕೇಳುವುದಿಲ್ಲ.

ತುಳಸಿಯನ್ನೇ ನೋಡೋಣ. ಎಲೆ ಚೆನ್ನಾಗಿ ಬರಲೆಂದು ನಾವು ಕದಿರನ್ನೆಲ್ಲ ಚಿವುಟುತ್ತೇವೆ. ನಾಲ್ಕು ಕದಿರನ್ನು ಹಾಗೆಯೇ ಬಿಟ್ಟರೆ ಬೆಳಗಿನ ಹೊತ್ತು ತುಡುವೆ ಜೇನೂ, ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ ಒಂಟಿ ಜೇನೂ ಅದಕ್ಕೆ ಮುತ್ತುತ್ತವೆ. ಮಳೆ ಹಿಂದಾಗುವ ಕಾಲಕ್ಕೆ ಗೋಡೆಯ ಬುಡದಲ್ಲಿ ತಾನೇ ಹುಟ್ಟುವ ತುಂಬೆ, ಶಿವನ ಪೂಜೆಗೆ ಸಲ್ಲುವಂತೆ ಚಿಟ್ಟೆಗೂ ಸಲ್ಲುತ್ತದೆ. ಅದನ್ನು ಕಳೆಯೆಂದು ಕಿತ್ತೆಸೆಯುವುದು ಸಲ್ಲದು. ಮಹಾರಾಷ್ಟ್ರ ಸರಕಾರ 2015ರಲ್ಲಿ ನೀಲಿ ಮಾರ್ಮನ್ ಚಿಟ್ಟೆಯನ್ನು ರಾಜ್ಯದ ಚಿಟ್ಟೆಯೆಂದು ಘೋಷಿಸಿತು. ಅದರ ಬಂಧುವಾದ ಸಾಮಾನ್ಯ ಮಾರ್ಮನ್ ನಮ್ಮ ಕರಿಬೇವಿನ ಮೇಲೆಯೇ ಮೊಟ್ಟೆಯಿಡುತ್ತದೆ. ಅದರ ಮರಿಹುಳು ಹತ್ತು ಎಲೆ ತಿಂದರೆ ಒಗ್ಗರಣೆಗೆ ಕೊರತೆಯಾಗದು. ಅದಕ್ಕೆ ವಿಷ ಸಿಂಪಡಿಸಿದರೆ ಆ ವಿಷ ನಮ್ಮ ಸಾರಿಗೂ ಬರುತ್ತದೆ.

ಇದು ಬರಿಯ ಸೊಗಸಿನ ಮಾತಲ್ಲ, ಅನ್ನದ ಮಾತು. ಹುಳಿಗೆ ಹಾಕುವ ಕುಂಬಳಕಾಯಿ ಜೇನಿನ ಸ್ಪರ್ಶವಿಲ್ಲದೆ ಕಚ್ಚದು. ಬದನೆಯ ಹೂವು ಗುಂಯ್‌ಗುಟ್ಟುವ ದುಂಬಿಯೂ ಆ ನೀಲಿ ಪಟ್ಟೆಯ ಜೇನೂ ಅಲುಗಿಸಿದಾಗ ಪರಾಗವನ್ನು ಚೆನ್ನಾಗಿ ಉದುರಿಸುತ್ತದೆ. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ಹಬ್ಬಿ ದಕ್ಷಿಣ ಕನ್ನಡ, ಕೊಡಗುಗಳ ಜೇನುಪೆಟ್ಟಿಗೆಗಳು ಬರಿದಾದುದನ್ನು ಊರಿನ ಹಿರಿಯರು ಮರೆತಿರಲಾರರು. ಒಮ್ಮೆ ಹೋದ ಜೇನನ್ನು ಮರಳಿ ಕರೆತರುವುದು ಎಷ್ಟು ಕಷ್ಟವೆಂಬುದನ್ನು ಅವರಿಂದಲೇ ಕೇಳಬೇಕು.

ಔಷಧದ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ ಅಗತ್ಯ. ಗಂಟಲು ಕೆರೆದಾಗ ತುಳಸಿಯ ಕಷಾಯ, ಮೂಗು ಕಟ್ಟಿದಾಗ ದೊಡ್ಡಪತ್ರೆಯ ರಸ ಹಿತವೆನಿಸಬಹುದು. ಆದರೆ ಎಕಿನೇಸಿಯ ನೆಗಡಿಯನ್ನು ಗುಣಪಡಿಸುತ್ತದೆಂಬುದಕ್ಕೇ ಬಲವಾದ ಪುರಾವೆ ದೊರೆತಿಲ್ಲ. ಕೋವಿಡ್ ಕಾಲದಲ್ಲಿ ಜನ ಅಮೃತಬಳ್ಳಿಗೆ ಮುಗಿಬಿದ್ದರು; ಅದನ್ನು ಸೇವಿಸಿದ ಕೆಲವರ ಯಕೃತ್ತಿಗೆ ಹಾನಿಯಾಯಿತೆಂದು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ಗಿಡಮೂಲಿಕೆಯೆಂದ ಮಾತ್ರಕ್ಕೆ ನಿರಪಾಯವೆಂದು ತಿಳಿಯಬಾರದು. ದಿನದ ಸಂಬಳ ಕಡಿತವಾದೀತೆಂಬ ಭಯದಿಂದ ಜ್ವರವನ್ನು ಕಷಾಯದಲ್ಲಿ ಮುಚ್ಚಿಟ್ಟು ಅಡುಗೆಯ ಒಲೆಯ ಮುಂದೆ ನಿಲ್ಲುವ ಹುಡುಗರು ನಮ್ಮಲ್ಲಿದ್ದಾರೆ. ಮಳೆಗಾಲದ ಜ್ವರ ಮಲೇರಿಯವೋ, ಡೆಂಗ್ಯೂವೋ, ಇಲಿಜ್ವರವೋ ಎಂಬುದನ್ನು ರಕ್ತಪರೀಕ್ಷೆ ಹೇಳಬೇಕು, ಕಷಾಯ ಹೇಳಲಾರದು.

ಹೊಟೇಲು ಮಾಲಿಕ ಬಂಧುಗಳಲ್ಲಿ ನಮ್ಮ ಬಿನ್ನಹ ಎರಡು. ಜ್ವರ ಬಂದ ಕೆಲಸಗಾರನಿಗೆ ಸಂಬಳ ಕತ್ತರಿಸದೆ ಪರೀಕ್ಷೆಗೆ ಬಿಡುವು ಕೊಡಿರಿ. ಹಿಂಬಾಗಿಲ ಬಳಿ ನಾಲ್ಕು ಖಾಲಿ ಎಣ್ಣೆಡಬ್ಬಿಗಳಿಗೆ ಜಾಗ ಕೊಡಿರಿ. ಉಳಿದುದನ್ನು ನಮ್ಮ ಹುಡುಗರು ಬಲ್ಲರು. ಡಬ್ಬಿಯನ್ನು ತೊಳೆದು ತಳಕ್ಕೆ ತೂತು ಕೊರೆಯಬೇಕು. ಸೋಸಿ ಉಳಿದ ಚಹಾಪುಡಿಯಲ್ಲಿ ಹಾಲು ಸಕ್ಕರೆ ಉಳಿಯದಂತೆ ತೊಳೆದು, ಒಣಗಿಸಿ, ಮಣ್ಣಿಗೆ ಬೆರೆಸಬೇಕು. ತಟ್ಟೆಯಲ್ಲಿ ನೀರು ನಿಂತು ಸೊಳ್ಳೆ ಹುಟ್ಟದಂತೆ ನೋಡಬೇಕು. ಚಾಳಿನ ಜಗಲಿಯವರೂ, ಸೊಸಾಯಿಟಿಯ ಕಾರ್ಯಕರ್ತರೂ ನೆರೆಯ ಮರಾಠಿ ಬಂಧುಗಳೊಡನೆ ಕೂಡಿ ಇದನ್ನೇ ಮಾಡಬಹುದು. ತುಳಸಿ ಅವರ ಅಂಗಳಕ್ಕೂ ಹೊಸತಲ್ಲ.

ಊರು ಬಿಟ್ಟು ಬಂದ ನಮಗೆ ಇಲ್ಲಿ ನೆಲವಿಲ್ಲದಿರಬಹುದು. ಒಂದು ಡಬ್ಬಿ ಮಣ್ಣಿಗೆ ಅಭಾವವಿಲ್ಲ. ಅದರಲ್ಲಿ ಎಲೆ ನಮ್ಮದಾಗಲಿ, ಹೂವು ಜೇನಿನದಾಗಲಿ.