ಶುಗರ್ ಮಷೀನು ಬಂತು, ಕೊಲೆಸ್ಟ್ರಾಲಿಗೆ ಯಾವಾಗ?

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವಿನ ಸುದ್ದಿ ಒಂದರ ಮೇಲೊಂದು ಬಂದಾಗ ಜನ ಏನು ಮಾಡಿದರು? ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲುಗಟ್ಟಿ ನಿಂತರು. ಗಾಬರಿಪಡಬೇಡಿ ಎಂದರು ವೈದ್ಯರು. ಸರಿಯೇ. ಆದರೆ ರಕ್ತದ ಕೊಬ್ಬನ್ನಾದರೂ ಊರಲ್ಲೇ ನೋಡಿಕೊಳ್ಳುವ ಹಾಗಿದ್ದರೆ ಅಷ್ಟು ಜನ ಬಸ್ ಹತ್ತಬೇಕಿತ್ತೆ?

ಶುಗರ್ ನೋಡೋ ಮಷೀನು ಈಗ ಮೆಡಿಕಲ್ ಸ್ಟೋರಲ್ಲೇ ಸಿಗುತ್ತೆ. ಬೆರಳು ಚುಚ್ಚಿ ಒಂದು ಹನಿ ರಕ್ತ ಪಟ್ಟಿಗೆ ಸೋಕಿಸಿದರೆ ಲೆಕ್ಕ ಬಂತು. ಪಟ್ಟಿಗೆ ಕಿಣ್ವ ಹಚ್ಚಿ, ಅದರಿಂದಾಗುವ ಬದಲಾವಣೆಯನ್ನು ವಿದ್ಯುತ್ತಿನಿಂದ ಅಳೆಯುವ ಈ ದಾರಿಯನ್ನು 1962ರಲ್ಲೇ ಅಮೆರಿಕದ ಲೆಲಂಡ್ ಕ್ಲಾರ್ಕ್ ತೋರಿಸಿದ್ದರು. ಕೊಲೆಸ್ಟ್ರಾಲಿಗೂ ಇದೇ ಯುಕ್ತಿ ನಡೆಯುತ್ತೆ.

ಹಾಗಾದರೆ ತೊಡಕೇನು? ಸಕ್ಕರೆ ನೀರಲ್ಲಿ ಕರಗುತ್ತೆ, ಈ ಮಹಾಶಯ ಕರಗಲ್ಲ. ರಕ್ತದಲ್ಲಿ ಪ್ರೋಟೀನಿನ ಮೂಟೆಯೊಳಗೆ ಕೂತಿರುತ್ತಾನೆ. ಅದರಲ್ಲೂ ಹೆಚ್ಚಿನ ಪಾಲು ಕೊಬ್ಬಿನಾಮ್ಲಕ್ಕೆ ಅಂಟಿಕೊಂಡೇ ಇರುತ್ತೆ. ಮೂಟೆ ಬಿಚ್ಚಲು ಸೋಪಿನಂಥ ವಸ್ತು ಬೇಕು, ಅಂಟು ಬಿಡಿಸಲು ಒಂದು ಕಿಣ್ವ, ಅಳೆಯಲು ಮತ್ತೊಂದು. ಕಿಣ್ವಗಳೋ, ಬಿಸಿಲು ತಾಗಿದರೆ ಕೆಡುತ್ತವೆ. ಖರ್ಚು ಏರೋದು ಅಲ್ಲೇ. ಮನೆಯಲ್ಲಿ ಕೊಲೆಸ್ಟ್ರಾಲ್ ನೋಡುವ ಮಷೀನು ಮಾರುಕಟ್ಟೆಯಲ್ಲಿ ಇಲ್ಲವೆಂದಲ್ಲ. ಪಟ್ಟಿ ಮಾತ್ರ ಒಂದೇ ಸಲಕ್ಕೆ, ಬೆಲೆ ಶುಗರ್ ಪಟ್ಟಿಗಿಂತ ಬಹಳ ಜಾಸ್ತಿ. ತಕ್ಕಡಿ ಪುಕ್ಕಟೆ ಕೊಟ್ಟು, ತೂಕದ ಕಲ್ಲಿಗೆ ದಿನಾ ಕಾಸು ಕೇಳಿದ ಹಾಗೆ!

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ ಪಾಥ್‌ಶೋಧ್ ಕಂಪನಿ ಅಂಗೈಯಲ್ಲಿ ಹಿಡಿಯುವ ಒಂದೇ ಯಂತ್ರದಲ್ಲಿ ಸಕ್ಕರೆ, ಅದರ ಮೂರು ತಿಂಗಳ ಸರಾಸರಿ, ಕಿಡ್ನಿಯ ಪರೀಕ್ಷೆ ಎಲ್ಲ ಮಾಡಿ ತೋರಿಸಿದೆ. ಅಂದರೆ ಬುದ್ಧಿವಂತರಿಗೆ ನಮ್ಮಲ್ಲಿ ಬರವಿಲ್ಲ. ಇಲ್ಲದಿರುವುದು ಗಟ್ಟಿ ಗಿರಾಕಿ. ಬಿಸಿಲಿಗೆ ಕೆಡದ, ಲ್ಯಾಬಿನ ಲೆಕ್ಕಕ್ಕೆ ತಾಳೆಯಾಗುವ ಕೊಲೆಸ್ಟ್ರಾಲ್ ಪಟ್ಟಿ ಮಾಡಿಕೊಡಿ, ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ವರ್ಷ ವರ್ಷ ಕೊಳ್ಳುತ್ತೇವೆ ಎಂದು ಸರ್ಕಾರ ಬರೆದುಕೊಟ್ಟು ನೋಡಲಿ. ಸಗಟಿಗೆ ರೇಟು ಹೇಗೆ ಇಳಿಯುತ್ತೆ ಅಂತ ಅಂಗಡಿಯವರಿಗೆ ನಾವು ಹೇಳಿಕೊಡಬೇಕೆ? ಟೆಂಡರಿನಲ್ಲಿ ಮಷೀನಿನ ಬೆಲೆಯಲ್ಲ, ಒಂದೊಂದು ಪಟ್ಟಿಯ ಬೆಲೆ ಕೇಳಬೇಕು.

ಇನ್ನು, ಖಾಲಿ ಹೊಟ್ಟೇಲಿ ಹೋಗ್ಬೇಕು, ಅಂಗಡಿ ಬಾಗಿಲು ಯಾರು ತೆಗೀತಾರೆ ಎಂದು ಪರೀಕ್ಷೆ ಮುಂದೂಡುವವರಿಗೆ: ಸಾಮಾನ್ಯ ತಪಾಸಣೆಗೆ ಉಪವಾಸ ಬೇಕಾಗಿಲ್ಲವೆಂದು ಯುರೋಪಿನ ತಜ್ಞರು 2016ರಲ್ಲೇ ಹೇಳಿದ್ದಾರೆ. ಪಟ್ಟಿಯಲ್ಲಿ 240 ಬಂತೆಂದು ನೀವೇ ಗುಳಿಗೆ ತಂದು ನುಂಗಬೇಡಿ. ಡಾಕ್ಟರ ಹತ್ತಿರ ಹೋಗಿ, ಲ್ಯಾಬಿನಲ್ಲಿ ಎಲ್‌ಡಿಎಲ್ ಎಷ್ಟಿದೆ ನೋಡಿಸಿ.