ಪತಿಗೊಂದು ಕೈಗಡಿಯಾರ

ವಿವಾಹದ 25ನೇ ವರ್ಷಕ್ಕೆ ಪತಿಗೊಂದು ದುಬಾರಿ ಕೈಗಡಿಯಾರ ಕೊಡಬೇಕೆಂದು ಮನೆಖರ್ಚಿನಲ್ಲಿ ಉಳಿಸಿ ಹಣ ಕೂಡಿಟ್ಟಿದ್ದೀರಾ ಸಹೋದರಿ? ಅಂಗಡಿಯಲ್ಲಿ ಕಣ್ಣು ಮೊದಲು ಹೋಗುವುದು ಚಿನ್ನದ ಗಡಿಯಾರದತ್ತ. ಪುರುಷರಿಗೆ ಚಿನ್ನ ನಿಷಿದ್ಧ, ಸ್ಟೀಲಿನದನ್ನೇ ನೋಡಿ. ಚರ್ಮದ ಪಟ್ಟಿ ಚಂದವೇನೋ ಹೌದು, ಆದರೆ ದಿನಕ್ಕೈದು ಬಾರಿ ವುಝೂ ಮಾಡಿ ಒದ್ದೆ ಕೈಗೇ ಮತ್ತೆ ಕಟ್ಟಿದರೆ ಬೇಗ ಹಾಳಾಗುತ್ತದೆ. ‘30 ಮೀಟರ್’ ಎಂದು ಬರೆದಿದ್ದರೆ ನೀರಿನ ಹನಿ ತಡೆದೀತು, ಅಷ್ಟೇ. 100 ಮೀಟರಿನದು ಲೇಸು.

ಆಟೋಮ್ಯಾಟಿಕ್ ಗಡಿಯಾರ ಕೈಯ ಚಲನೆಯಿಂದಲೇ ಓಡುತ್ತದೆ. ಬಿಚ್ಚಿಟ್ಟರೆ ಹಲವು 40 ಗಂಟೆಯ ಆಸುಪಾಸಿನಲ್ಲಿ ನಿಲ್ಲುತ್ತವೆ. ಶುಕ್ರವಾರಕ್ಕೆ, ಮದುವೆಗೆ ಮಾತ್ರ ಕಟ್ಟುವವರಿಗೆ ಬ್ಯಾಟರಿಯದೇ ಸಾಕು. ಆಟೋಮ್ಯಾಟಿಕ್‌ಗೆ ಕೆಲವು ವರ್ಷಗಳಿಗೊಮ್ಮೆ ಸರ್ವಿಸ್ ಬೇರೆ ಮಾಡಿಸಬೇಕು. ಅದರ ಖರ್ಚನ್ನು ಕೊಳ್ಳುವ ಮುನ್ನವೇ ಕೇಳಿ. ಉಡುಗೊರೆ ನಿಮ್ಮದಾದರೂ ಆ ಬಿಲ್ಲು ಅವರ ಜೇಬಿಗೇ ಬರುತ್ತದೆ.