ಮಗ ಪ್ರಜೆ, ತಾಯಿ ಪರದೇಶಿ!

ರೇಷನ್ ಕಾರ್ಡಿನಲ್ಲಿ ಒಂದಕ್ಷರ ತಪ್ಪಿದರೆ ಸಾಕು, ತಾಲ್ಲೂಕು ಕಛೇರಿಗೆ ಅಲೆದು ನಮ್ಮವರ ಚಪ್ಪಲಿ ಸವೆಯುತ್ತೆ. ಇನ್ನು ಪರದೇಶದಲ್ಲಿ ಒಂದು ಕಾಗದವೂ ಇಲ್ಲದ ತಾಯಿಯ ಪಾಡೇನು? ಅಮೆರಿಕದಲ್ಲಿ ಇಂಥವರು ಒಬ್ಬಿಬ್ಬರಲ್ಲ, ಲಕ್ಷಾಂತರ ಮಂದಿ.

ಮೆಕ್ಸಿಕೋದ ಎಲ್ವಿರಾ ಅರೆಲ್ಲಾನೋ ಪ್ರಕರಣವನ್ನೇ ನೋಡಿ. ಆಕೆ 1997ರಲ್ಲಿ ದುಡಿಮೆಗಾಗಿ ಪರವಾನಗಿ ಇಲ್ಲದೆ ಗಡಿ ದಾಟಿದಳು. ಹಿಡಿದು ವಾಪಸ್ ಅಟ್ಟಿದರು. ಮತ್ತೆ ಬಂದಳು. ಅಲ್ಲಿಯೇ ಗಂಡುಮಗು ಆಯಿತು. ಶಿಕಾಗೋ ವಿಮಾನ ನಿಲ್ದಾಣದಲ್ಲಿ ವಿಮಾನ ತೊಳೆಯುವ ಕೆಲಸ ಸಿಕ್ಕಿತು. 2001ರ ನ್ಯೂಯಾರ್ಕ್ ದಾಳಿಯ ನಂತರ ನಿಲ್ದಾಣಗಳಲ್ಲಿ ತಪಾಸಣೆ ಬಿಗಿಯಾಯಿತು. 2002ರಲ್ಲಿ ಆಕೆ ಸಿಕ್ಕಿಬಿದ್ದಳು. ಬಾಂಬು ಇಟ್ಟವಳೇನಲ್ಲ. ಸುಳ್ಳು ನಂಬರು ಕೊಟ್ಟು ಕೆಲಸಕ್ಕೆ ಸೇರಿದ್ದೇ ಅಪರಾಧ!

2006ರ ಆಗಸ್ಟಿನಲ್ಲಿ ಗಡೀಪಾರಿಗೆ ಹಾಜರಾಗಬೇಕಿತ್ತು. ಆಕೆ 7 ವರ್ಷದ ಮಗನ ಕೈಹಿಡಿದು ಶಿಕಾಗೋದ ಒಂದು ಚರ್ಚು ಹೊಕ್ಕಳು. ಒಂದು ವರ್ಷ ಹೊಸ್ತಿಲು ದಾಟಲಿಲ್ಲ. ತಾಯಿಯ ಪರವಾಗಿ ಆ ಹುಡುಗ ಮೆಕ್ಸಿಕೋ ಪಾರ್ಲಿಮೆಂಟಿನವರೆಗೂ ಹೋಗಿ ಬಂದ. 2007ರ ಆಗಸ್ಟಿನಲ್ಲಿ ಲಾಸ್ ಏಂಜಲೀಸಿಗೆ ಹೋದಾಗ ಆಕೆಯ ಬಂಧನವಾಯಿತು. ಕೆಲವೇ ತಾಸಿನಲ್ಲಿ ಗಡಿಯಾಚೆ! 2014ರಲ್ಲಿ ಮತ್ತೆ ಗಡಿಗೆ ಬಂದು ಆಶ್ರಯ ಬೇಡಿದಳು.

ಒಂದೇ ಮನೆ, ಎರಡು ಕಾನೂನು

1868ರ ಸಂವಿಧಾನ ತಿದ್ದುಪಡಿಯಿಂದಾಗಿ ಅಲ್ಲಿ ಹುಟ್ಟಿದ ಈ ಹುಡುಗ ಹುಟ್ಟಾ ಪ್ರಜೆ. ಕಾಗದವಿಲ್ಲದ ಮಕ್ಕಳಿಗೂ ಶಾಲೆ ಬಾಗಿಲು ಮುಚ್ಚಬಾರದೆಂದು 1982ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಆದರೆ ಮಗುವನ್ನು ಶಾಲೆಗೆ ಬಿಟ್ಟು ಬರುವ ತಾಯಿಗೆ ಮಾತ್ರ ನೆಲೆಯಿಲ್ಲ. ಸುಳ್ಳು ನಂಬರಿನ ಮೇಲೆ ದುಡಿದರೂ ಪಿಂಚಣಿ ನಿಧಿಗೆಂದು ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ. ಮುಪ್ಪಿನಲ್ಲಿ ಆ ಪಿಂಚಣಿ ಆಕೆಗಿಲ್ಲ.

'ಎಲ್ಲರ ಹಾಗೆ ಕ್ಯೂನಲ್ಲಿ ನಿಂತು ಬರಲಿ' ಎನ್ನುವವರುಂಟು. ಯಾವ ಕ್ಯೂ ಸ್ವಾಮೀ? ತಾಯಿಗಾಗಿ ಮಗ ಅರ್ಜಿ ಹಾಕಬೇಕಾದರೆ ಅವನಿಗೆ 21 ತುಂಬಬೇಕು. ಕದ್ದು ಗಡಿ ದಾಟಿದವಳು ಸಾಮಾನ್ಯವಾಗಿ ದೇಶ ಬಿಟ್ಟು ಹೋಗಿಯೇ ವೀಸಾ ಕೇಳಬೇಕು. ವರ್ಷಕ್ಕಿಂತ ಹೆಚ್ಚು ಕಾಲ ಹಾಗೆ ಇದ್ದವರು ಹೊರಗೆ ಕಾಲಿಟ್ಟರೆ 10 ವರ್ಷ ಬರಕೂಡದು ಎನ್ನುತ್ತದೆ 1996ರ ಕಾನೂನು. ಅಂದರೆ ಕ್ಯೂ ಸೇರಬೇಕಾದರೆ ಮಕ್ಕಳನ್ನು ತೊರೆಯಬೇಕು! ಇದಕ್ಕೆ ಹೆದರಿಯೇ ತಾಯಂದಿರು ಕದ್ದುಮುಚ್ಚಿ ಬದುಕೋದು.

ಚರ್ಚು, ಶಾಲೆಗಳಲ್ಲಿ ಬಂಧಿಸದೆ ಇರುವ ಕಟ್ಟುಪಾಡೊಂದಿತ್ತು. 2025ರ ಜನವರಿಯಲ್ಲಿ ಅದನ್ನೂ ತೆಗೆದರು. ಹುಟ್ಟಿನಿಂದ ಬರುವ ಪೌರತ್ವಕ್ಕೇ ಕತ್ತರಿ ಹಾಕುವ ಆದೇಶವೂ ಅದೇ ತಿಂಗಳು ಹೊರಟು ಕೋರ್ಟು ಮೆಟ್ಟಿಲೇರಿತು.

ನಮಗೂ ಪಾಠ

ಇದು ಯಾರದೋ ಮನೆಯ ಕಥೆ ಅಂತ ಕೂರುವಂತಿಲ್ಲ. 2025ರ ಫೆಬ್ರವರಿ 5ರಂದು ಅಮೆರಿಕದ ಮಿಲಿಟರಿ ವಿಮಾನ 104 ಭಾರತೀಯರನ್ನು ಅಮೃತಸರಕ್ಕೆ ತಂದು ಇಳಿಸಿತು. ಅವರಲ್ಲಿ ಹೆಂಗಸರು, ಮಕ್ಕಳೂ ಇದ್ದರು. ಸಾಲಸೋಲ ಮಾಡಿ ಏಜೆಂಟರಿಗೆ ಲಕ್ಷಗಟ್ಟಲೆ ಸುರಿದಿದ್ದಾಗಿ ಹಲವರು ಗೋಳು ತೋಡಿಕೊಂಡರು.

ಗಡಿ ಕಾಯುವುದು ಯಾವ ದೇಶಕ್ಕೂ ಬಿಟ್ಟದ್ದಲ್ಲ, ಒಪ್ಪೋಣ. ಆದರೆ ಅಗ್ಗದ ಕೂಲಿ ಬೇಕು, ಕೂಲಿಯವಳು ಬೇಡ ಎನ್ನುವುದು ಯಾವ ನ್ಯಾಯ? ತಪ್ಪಿಗೆ ದಂಡ ಹಾಕಲಿ, ವರ್ಷಾನುಗಟ್ಟಲೆ ದುಡಿದ ತಾಯಿಗೆ ಮಕ್ಕಳ ಜೊತೆ ಇದ್ದೇ ಅರ್ಜಿ ಹಾಕುವ ದಾರಿ ಬಿಡಲಿ. ಅಲ್ಲಿಯವರೆಗೆ ಏಜೆಂಟರ ಬಣ್ಣದ ಮಾತು ಕೇಳಿ ಹೊಲ ಮಾರಲು ಹೊರಟವರು ಒಂದು ಸಲ ಕೂತು ಯೋಚಿಸಲಿ.